ಗ್ರಾಫಿಕ್ಸ್ ಕಾರ್ಡಿಗಿಂತ ಮೊದಲು ಎಸ್‌ಎಂಪಿಎಸ್



ಪರೀಕ್ಷೆಗಳು ಮುಗಿದು ಫಲಿತಾಂಶ ಬರುವ ದಿನಗಳಲ್ಲಿ ನಮ್ಮ ಎಷ್ಟೋ ಮನೆಗಳಲ್ಲಿ ಒಂದು ಬೇಡಿಕೆ ಏಳುತ್ತದೆ. ಇರುವ ಕಂಪ್ಯೂಟರ್ ಹಾಗೇ ಇರಲಿ, ಅದಕ್ಕೊಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಹಾಕಿಸಿಕೊಟ್ಟರೆ ಸಾಕು ಎಂದು ಮಕ್ಕಳು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪೇನೂ ಇಲ್ಲ. ಹೊಸ ಆಟಗಳನ್ನು ಆಡುವುದಕ್ಕೂ, ವಿಡಿಯೋ ಎಡಿಟಿಂಗ್, ಅನಿಮೇಷನ್ ಕಲಿಯುವುದಕ್ಕೂ ಅದೇ ಕಾರ್ಡ್ ಬೇಕು. ತಂದೆ ತಾಯಿ ಹೇಗೋ ಹತ್ತಾರು ಸಾವಿರ ಹೊಂದಿಸುತ್ತಾರೆ. ಮಕ್ಕಳು ತಿಂಗಳುಗಟ್ಟಲೆ ವಿಡಿಯೋ ನೋಡಿ ಯಾವ ಕಾರ್ಡ್ ಎಂದು ನಿಶ್ಚಯಿಸುತ್ತಾರೆ. ಆದರೆ ಆ ಕಾರ್ಡಿಗೆ ವಿದ್ಯುತ್ತು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯನ್ನು ಅಂಗಡಿಯಲ್ಲಿ ಕೇಳುವವರೂ ಕಡಿಮೆ, ಕೇಳದಿದ್ದರೆ ತಾವಾಗಿ ಹೇಳುವ ಅಂಗಡಿಯವರೂ ಕಡಿಮೆ. ಕ್ಯಾಬಿನೆಟ್ಟಿನ ಒಂದು ಮೂಲೆಯಲ್ಲಿ ಫ್ಯಾನು ಹೊತ್ತು ಕೂತಿರುವ ಆ ಉಕ್ಕಿನ ಡಬ್ಬಿ, ನಾವೆಲ್ಲ ಎಸ್‌ಎಂಪಿಎಸ್ ಎಂದು ಕರೆಯುವ ಪವರ್ ಸಪ್ಲೈ, ಇವತ್ತಿನ ಮಾತಿನ ವಿಷಯ.

ಅದರ ಕೆಲಸ ಹೇಳುವುದಕ್ಕೆ ಸುಲಭ. ಗೋಡೆಯ ಸಾಕೆಟ್ಟಿನಿಂದ ಬರುವ 230 ವೋಲ್ಟಿನ ಎ.ಸಿ.ಯನ್ನು 12 ವೋಲ್ಟ್, 5 ವೋಲ್ಟ್ ಮತ್ತು 3.3 ವೋಲ್ಟಿನ ಡಿ.ಸಿ.ಯಾಗಿ ಮಾಡಿ ಕೊಡಬೇಕು. ಕಷ್ಟ ಇರುವುದು ಎಷ್ಟು ಕೊಡಬೇಕು, ಎಷ್ಟು ಸ್ಥಿರವಾಗಿ ಕೊಡಬೇಕು ಎಂಬುದರಲ್ಲಿ. 1981ರಲ್ಲಿ ಬಂದ ಮೊದಲ ಐಬಿಎಂ ಪಿಸಿಯ ಪವರ್ ಸಪ್ಲೈ 63.5 ವ್ಯಾಟಿನದು. ಇಡೀ ಕಂಪ್ಯೂಟರ್ ಅಷ್ಟರಲ್ಲಿ ನಡೆಯುತ್ತಿತ್ತು. 2025ರಲ್ಲಿ ಮಾರುಕಟ್ಟೆಗೆ ಬಂದ ಎನ್ವಿಡಿಯಾದ ಆರ್‌ಟಿಎಕ್ಸ್ 5090 ಎಂಬ ಕಾರ್ಡ್ ಒಂದಕ್ಕೇ 575 ವ್ಯಾಟ್ ಬೇಕು. ಅಷ್ಟು ದೊಡ್ಡ ಕಾರ್ಡು ನಮ್ಮ ಮಧ್ಯಮ ವರ್ಗದ ಮನೆಗಳಿಗೆ ಬರುವುದು ಅಪರೂಪ. ಆದರೂ ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದು ಆ ಎರಡು ಅಂಕಿಗಳಲ್ಲೇ ತಿಳಿಯುತ್ತದೆ.

ಇನ್ನೊಂದು ಬದಲಾವಣೆ ಇದಕ್ಕಿಂತ ಮುಖ್ಯ. 1995ರಲ್ಲಿ ಇಂಟೆಲ್ ಕಂಪನಿ ಎಟಿಎಕ್ಸ್ ಎಂಬ ಮಾನದಂಡವನ್ನು ತಂದಾಗ ಕಂಪ್ಯೂಟರಿನ ಮುಖ್ಯ ಭಾಗಗಳು 5 ವೋಲ್ಟ್ ಮತ್ತು 3.3 ವೋಲ್ಟಿನ ತಂತಿಗಳಿಂದಲೇ ಹೆಚ್ಚು ವಿದ್ಯುತ್ತು ಪಡೆಯುತ್ತಿದ್ದವು. 2000ದ ಸುಮಾರಿಗೆ ಪೆಂಟಿಯಂ 4 ಬಂದ ಮೇಲೆ ಪ್ರೊಸೆಸರಿನ ಭಾರ 12 ವೋಲ್ಟಿನ ತಂತಿಗೆ ವರ್ಗವಾಯಿತು. ಗ್ರಾಫಿಕ್ಸ್ ಕಾರ್ಡುಗಳೂ ಅದೇ ದಾರಿ ಹಿಡಿದವು. ಇವತ್ತಿನ ಗೇಮಿಂಗ್ ಕಂಪ್ಯೂಟರಿನಲ್ಲಿ ಹೆಚ್ಚುಕಡಿಮೆ ಎಲ್ಲ ಹೊರೆಯೂ 12 ವೋಲ್ಟಿನ ಮೇಲೆಯೇ. ಹಾಗಾಗಿ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 450 ವ್ಯಾಟ್ ಎಂದು ಬರೆದಿದ್ದರೆ ಅದು ಅರ್ಧ ಮಾಹಿತಿ. ಉಳಿದರ್ಧ ಪಕ್ಕದ ಸಣ್ಣ ಕೋಷ್ಟಕದಲ್ಲಿರುತ್ತದೆ.

ನಮ್ಮ ಬೀದಿಯ ಹುಡುಗನೊಬ್ಬನ ಕಂಪ್ಯೂಟರಿನಲ್ಲಿ ಇದನ್ನು ಕಣ್ಣಾರೆ ನೋಡಿದೆ. ಐ5-12400ಎಫ್ ಪ್ರೊಸೆಸರ್ ಇರುವ ಕಂಪ್ಯೂಟರ್ ಅದು. ಮೊದಲು ಅದರಲ್ಲಿ ಜಿಟಿಎಕ್ಸ್ 1650 ಕಾರ್ಡ್ ಇತ್ತು, ಯಾವ ತೊಂದರೆಯೂ ಇರಲಿಲ್ಲ. ಅದನ್ನು ತೆಗೆದು ಆರ್‌ಟಿಎಕ್ಸ್ 5060 ಹಾಕಿಸಿಕೊಂಡು ಬಂದ. "ಅಂಕಲ್, ಗೇಮ್ ಹಾಕಿದ್ರೆ ಸ್ವಲ್ಪ ಹೊತ್ತಿಗೇ ಫಟ್ ಅಂತ ಆಫ್ ಆಗ್ತದೆ. ಮತ್ತೆ ಬಟನ್ ಒತ್ತಿದ್ರೂ ಆನ್ ಆಗಲ್ಲ, ಗೋಡೆ ಸ್ವಿಚ್ ಆಫ್ ಮಾಡಿ ಹಾಕಿದ್ರೆ ಮಾತ್ರ ಆಗ್ತದೆ. ಕಾರ್ಡೇ ಡಿಫೆಕ್ಟ್ ಇರಬೇಕು" ಎಂದ. ಅವನ ತಂದೆಯೂ ಜೊತೆಯಲ್ಲಿದ್ದರು, ಮುಖ ಬಾಡಿತ್ತು.

ಕ್ಯಾಬಿನೆಟ್ಟಿನ ಬದಿಯ ತಗಡು ತೆಗೆದು ಎಸ್‌ಎಂಪಿಎಸ್‌ನ ಲೇಬಲ್ ಓದಿದೆವು. ಮೇಲೆ 450 ವ್ಯಾಟ್ ಎಂದಿತ್ತು. ಕೋಷ್ಟಕದಲ್ಲಿ 12 ವೋಲ್ಟಿನ ಕೆಳಗೆ 16 ಆಂಪಿಯರ್ ಎಂದಿತ್ತು. 12ನ್ನು 16ರಿಂದ ಗುಣಿಸಿದರೆ 192 ವ್ಯಾಟ್. ಉಳಿದದ್ದೆಲ್ಲ ಈಗಿನ ಕಂಪ್ಯೂಟರಿಗೆ ಅಷ್ಟಾಗಿ ಬೇಡದ 5 ಮತ್ತು 3.3 ವೋಲ್ಟಿನ ಲೆಕ್ಕ. ಆ ಪ್ರೊಸೆಸರ್ ಪೂರ್ತಿ ದುಡಿಯುವಾಗ 117 ವ್ಯಾಟ್‌ವರೆಗೆ ಎಳೆಯುತ್ತದೆ, ಹೊಸ ಕಾರ್ಡಿಗೆ 145 ವ್ಯಾಟ್ ಬೇಕು. ಎರಡು ಸೇರಿ 262. ಹಳೆಯ 1650ಕ್ಕೆ 75 ವ್ಯಾಟ್ ಸಾಕಾಗಿತ್ತು. ಆಟದಲ್ಲಿ ಪ್ರೊಸೆಸರ್ ತನ್ನ ಮಿತಿಯವರೆಗೆ ಹೋಗುವುದೂ ಅಪರೂಪ. ಆದ್ದರಿಂದ ಅಷ್ಟು ವರ್ಷ ಹೇಗೋ ನಡೆದಿತ್ತು.

ಮಲ್ಟಿಮೀಟರಿನ ಕಡ್ಡಿಗಳನ್ನು ಖಾಲಿ ಇದ್ದ ನಾಲ್ಕು ಪಿನ್ನಿನ ಕನೆಕ್ಟರಿನ ಹಳದಿ ಮತ್ತು ಕಪ್ಪು ತಂತಿಗೆ ಮುಟ್ಟಿಸಿದಾಗ, ಕಂಪ್ಯೂಟರ್ ಸುಮ್ಮನಿದ್ದಾಗ 12.1 ವೋಲ್ಟ್ ತೋರಿಸಿತು. ಹುಡುಗ ಆಟ ಶುರು ಮಾಡಿದ. ಅಂಕಿ 11.6ಕ್ಕೆ ಇಳಿಯಿತು, ಆಮೇಲೆ 11.3, 11.2. ಪರದೆ ಕಪ್ಪಾಯಿತು. ಎಟಿಎಕ್ಸ್ ನಿಯಮದ ಪ್ರಕಾರ 12 ವೋಲ್ಟಿನ ತಂತಿ ಶೇಕಡಾ 5ಕ್ಕಿಂತ ಹೆಚ್ಚು ಏರಿಳಿಯಬಾರದು, ಅಂದರೆ 11.4ಕ್ಕಿಂತ ಕೆಳಗೆ ಬರಬಾರದು. ಕಾರ್ಡಿನಲ್ಲಿ ಯಾವ ದೋಷವೂ ಇರಲಿಲ್ಲ. ಆ ಎಸ್‌ಎಂಪಿಎಸ್ ಕ್ಯಾಬಿನೆಟ್ಟಿನ ಜೊತೆಗೆ ಉಚಿತವಾಗಿ ಬಂದದ್ದು.

ಅದಕ್ಕಿಂತ ಭಯ ಹುಟ್ಟಿಸಿದ್ದು ಇನ್ನೊಂದು. ಹಳೆಯ ಕಾರ್ಡಿಗೆ ಬೇರೆ ಕೇಬಲ್ ಬೇಕಿರಲಿಲ್ಲ, ಅದಕ್ಕೆ ಬೇಕಾದ 75 ವ್ಯಾಟನ್ನು ಮದರ್‌ಬೋರ್ಡಿನ ಸ್ಲಾಟೇ ಕೊಡುತ್ತಿತ್ತು. ಹೊಸ ಕಾರ್ಡಿಗೆ ಎಂಟು ಪಿನ್ನಿನ ಕೇಬಲ್ ಬೇಕು. ಆ ಎಸ್‌ಎಂಪಿಎಸ್‌ನಲ್ಲಿ ಅಂಥ ಕೇಬಲ್ಲೇ ಇರಲಿಲ್ಲ. ಅಂಗಡಿಯಲ್ಲಿ ಹಾರ್ಡ್ ಡಿಸ್ಕಿಗೆ ಹೋಗುವ ಸಾಟಾ ಕನೆಕ್ಟರನ್ನು ಎಂಟು ಪಿನ್ನಿಗೆ ತಿರುಗಿಸುವ ಒಂದು ಕನ್ವರ್ಟರ್ ಹಾಕಿ ಕಳಿಸಿದ್ದರು. ಅದರ ಕಪ್ಪು ಪ್ಲಾಸ್ಟಿಕ್ ಒಂದು ಬದಿಯಲ್ಲಿ ಮೆತ್ತಗಾಗಿ ಹೊಳೆಯುತ್ತಿತ್ತು. ಮೂಗಿಗೆ ಹಿಡಿದರೆ ಸುಟ್ಟ ವಾಸನೆ. ಲೆಕ್ಕ ಮಾಡಿದರೆ ಕಾರಣ ಸ್ಪಷ್ಟವಾಗುತ್ತದೆ. ಎಂಟು ಪಿನ್ನಿನ ಕೇಬಲ್ ಮೂಲಕ ಕಾರ್ಡು 150 ವ್ಯಾಟ್‌ವರೆಗೆ ಎಳೆಯಬಹುದು. ಸಾಟಾ ಕನೆಕ್ಟರಿನಲ್ಲಿ 12 ವೋಲ್ಟಿಗೆ ಇರುವುದು ಮೂರು ಪುಟ್ಟ ಪಿನ್ನುಗಳು, ಒಂದೊಂದಕ್ಕೆ ಒಂದೂವರೆ ಆಂಪಿಯರ್. ಒಟ್ಟು 54 ವ್ಯಾಟ್. ಮಲಗುವ ಕೋಣೆಯಲ್ಲಿ ರಾತ್ರಿಯಿಡೀ ನಡೆಯುವ ಯಂತ್ರದೊಳಗೆ ಇಂಥದ್ದೊಂದು ತುಂಡು ಇರಬಾರದು. ನಿಮ್ಮ ಮನೆಯ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದರೆ ಇವತ್ತೇ ಬದಿಯ ತಗಡು ತೆಗೆದು ನೋಡಿ. ಸಾಟಾ ಕನ್ವರ್ಟರ್ ಕಂಡರೆ ಕಂಪ್ಯೂಟರ್ ಬಂದ್ ಮಾಡಿ. ಅದನ್ನು ಬದಲಿಸುವವರೆಗೆ ಆಟ ಬೇಡ.

ಈಗ ಎಷ್ಟು ವ್ಯಾಟಿನದು ಕೊಳ್ಳಬೇಕು ಎಂಬ ಪ್ರಶ್ನೆಗೆ ಬರೋಣ. ಇಲ್ಲಿ ಎರಡು ಕಡೆಯ ಅತಿರೇಕವೂ ಇದೆ. ಇರುವುದರಲ್ಲೇ ನಡೆಯುತ್ತದೆ ಎನ್ನುವವರು ಒಂದು ಕಡೆ, ಸಾವಿರ ವ್ಯಾಟಿಗೆ ಕಡಿಮೆಯಾದರೆ ಆಗುವುದೇ ಇಲ್ಲ ಎನ್ನುವವರು ಇನ್ನೊಂದು ಕಡೆ. ಅದೇ ಐ5 ಪ್ರೊಸೆಸರಿನ ಜೊತೆ ಒಂದು ಮೆಟ್ಟಿಲು ಮೇಲಿನ ಆರ್‌ಟಿಎಕ್ಸ್ 5070 ಹಾಕುತ್ತೇವೆ ಎಂದುಕೊಳ್ಳಿ. ಕಾರ್ಡಿಗೆ 250, ಪ್ರೊಸೆಸರಿಗೆ 117, ಮದರ್‌ಬೋರ್ಡು, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನುಗಳೆಲ್ಲ ಸೇರಿ ಒಂದು 60. ಒಟ್ಟು 427 ವ್ಯಾಟ್. ಈ ಕಾರ್ಡಿಗೆ ಎನ್ವಿಡಿಯಾ ಹೇಳುವುದು 650 ವ್ಯಾಟಿನ ಪವರ್ ಸಪ್ಲೈ. 5060ಕ್ಕೆ 550. 427ಕ್ಕೂ 650ಕ್ಕೂ ನಡುವೆ ಇಷ್ಟು ಅಂತರ ಯಾಕೆ ಎಂದು ಕೇಳುವವರಿದ್ದಾರೆ. ಹೆಚ್ಚು ಬೆಲೆಯ ಸಾಮಾನು ಮಾರುವ ಉಪಾಯ ಎಂಬ ಅನುಮಾನವೂ ಇದೆ.

ಉಪಾಯ ಅಲ್ಲ. ಕಾರ್ಡಿನ ಮೇಲೆ ಬರೆದಿರುವುದು ಸರಾಸರಿ. ಆಟದ ದೃಶ್ಯ ಥಟ್ಟನೆ ಬದಲಾದಾಗ ಕೆಲವು ಮಿಲಿಸೆಕೆಂಡುಗಳ ಕಾಲ ಕಾರ್ಡು ಸರಾಸರಿಗಿಂತ ತುಂಬಾ ಹೆಚ್ಚು ಎಳೆಯುತ್ತದೆ. ಬೋರ್‌ವೆಲ್ಲಿನ ಮೋಟರು ಚಾಲೂ ಆದ ಕ್ಷಣ ಮನೆಯ ಬಲ್ಬು ಮಂಕಾಗುತ್ತದಲ್ಲ, ಅದೇ ರೀತಿಯ ಎಳೆತ ಇದು. 2020ರಲ್ಲಿ ಆರ್‌ಟಿಎಕ್ಸ್ 3080, 3090 ಕಾರ್ಡುಗಳು ಬಂದಾಗ ಒಳ್ಳೆಯ ಕಂಪನಿಯ, ಲೆಕ್ಕಕ್ಕೆ ಸರಿಯಾದ ವ್ಯಾಟಿನ ಪವರ್ ಸಪ್ಲೈಗಳೂ ಈ ಎಳೆತವನ್ನು ಅಪಾಯವೆಂದು ತಿಳಿದು ಕಂಪ್ಯೂಟರನ್ನು ಆರಿಸಿಬಿಡುತ್ತಿದ್ದವು. ಅದರ ಪಾಠದಿಂದಲೇ 2022ರ ಆರಂಭದಲ್ಲಿ ಇಂಟೆಲ್ ಎಟಿಎಕ್ಸ್ 3.0 ಎಂಬ ಹೊಸ ಮಾನದಂಡ ಹೊರಡಿಸಿತು. ದೊಡ್ಡ ಕಾರ್ಡುಗಳಿಗೆಂದು ಮಾಡಿದ ಪವರ್ ಸಪ್ಲೈ ತನ್ನ ಮೇಲೆ ಬರೆದ ವ್ಯಾಟಿನ ಎರಡರಷ್ಟನ್ನು ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಪಾಲು ಹೊತ್ತು ತಡೆದುಕೊಳ್ಳಬೇಕು ಎಂದು ಅದರಲ್ಲಿದೆ. 2023ರಲ್ಲಿ ಅದು ಎಟಿಎಕ್ಸ್ 3.1 ಆಯಿತು. ಈಗ ಹೊಸದಾಗಿ ಕೊಳ್ಳುವವರು ಪೆಟ್ಟಿಗೆಯ ಮೇಲೆ ಎಟಿಎಕ್ಸ್ 3.0 ಅಥವಾ 3.1 ಎಂದು ಇದೆಯೇ ನೋಡಿ. ಅಂಥ ಒಳ್ಳೆಯ 650 ವ್ಯಾಟಿನದು 5070ಕ್ಕೆ ಧಾರಾಳವಾಗಿ ಸಾಕು. ಮುಂದೆ ಇನ್ನೂ ದೊಡ್ಡ ಕಾರ್ಡು ಹಾಕುವ ಆಸೆಯಿದ್ದರೆ 750. ಅದಕ್ಕಿಂತ ಮೇಲಿನದಕ್ಕೆ ದುಡ್ಡು ಹಾಕುವ ಅಗತ್ಯ ಸಾಮಾನ್ಯರ ಮನೆಯಲ್ಲಿಲ್ಲ.

ಇನ್ನು ಪೆಟ್ಟಿಗೆಯ ಮೇಲೆ ಹೊಳೆಯುವ ಕಂಚು, ಬೆಳ್ಳಿ, ಚಿನ್ನದ ಗುರುತು. ಇದು 80 ಪ್ಲಸ್ ಎಂಬ ಯೋಜನೆಯದು, 2004ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಎಷ್ಟು ಪಾಲು ಕಂಪ್ಯೂಟರಿಗೆ ತಲುಪುತ್ತದೆ, ಎಷ್ಟು ಬಿಸಿಯಾಗಿ ಹೋಗುತ್ತದೆ ಎಂಬುದನ್ನು ಅದು ಅಳೆಯುತ್ತದೆ. ಅಲ್ಲಿನ 115 ವೋಲ್ಟಿನ ಪರೀಕ್ಷೆಯಲ್ಲಿ ಅರ್ಧ ಹೊರೆಯಿದ್ದಾಗ ಬ್ರಾಂಜ್ ಶೇಕಡಾ 85, ಗೋಲ್ಡ್ ಶೇಕಡಾ 90 ಮುಟ್ಟಬೇಕು. ಅಷ್ಟೇ ಅದರ ಅರ್ಥ. ಗೋಲ್ಡ್ ತೆಗೆದುಕೊಂಡರೆ ಕರೆಂಟ್ ಬಿಲ್ಲಿನಲ್ಲೇ ಅಸಲು ಬರುತ್ತದೆ ಎನ್ನುವ ಮಾತು ಕೇಳಿರಬಹುದು. ಲೆಕ್ಕ ಹಾಕಿ ನೋಡೋಣ. ಕಂಪ್ಯೂಟರ್ 400 ವ್ಯಾಟ್ ಬಳಸುವಾಗ ಶೇಕಡಾ 85ರದ್ದು ಗೋಡೆಯಿಂದ 470 ವ್ಯಾಟ್ ಎಳೆಯುತ್ತದೆ, ಶೇಕಡಾ 90ರದ್ದು 444. ವ್ಯತ್ಯಾಸ 26 ವ್ಯಾಟ್. ದಿನಕ್ಕೆ ನಾಲ್ಕು ಗಂಟೆ, ವರ್ಷವಿಡೀ ಆಡಿದರೆ ಸುಮಾರು 38 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ ವರ್ಷಕ್ಕೆ 230 ರೂಪಾಯಿ. ಗೋಲ್ಡಿಗೆ ಒಂದೆರಡು ಸಾವಿರ ಹೆಚ್ಚು ಕೊಟ್ಟರೆ ಅದು ವಾಪಸು ಬರುವುದಕ್ಕೆ ವರ್ಷಗಳೇ ಬೇಕು. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಮಿತಿಯ ಅಂಚಿನಲ್ಲಿರುವ ಮನೆಯವರು ಚಿಂತಿಸಬೇಕಾದದ್ದು ಬೇರೆ. ಆ 470 ವ್ಯಾಟಿನ ಕಂಪ್ಯೂಟರ್ ದಿನಕ್ಕೆ ನಾಲ್ಕು ಗಂಟೆಯಂತೆ ತಿಂಗಳಿಗೆ 56 ಯೂನಿಟ್ ಸೇರಿಸುತ್ತದೆ. ಅದನ್ನು ಕಡಿಮೆ ಮಾಡುವ ದಾರಿ ಆಡುವ ಗಂಟೆಗಳನ್ನು ಇಳಿಸುವುದೇ ಹೊರತು ಚಿನ್ನದ ಗುರುತಲ್ಲ.

ಹಾಗಾದರೆ ಗೋಲ್ಡ್ ಯಾಕೆ ಎಂದರೆ, ಬಿಸಿ ಕಡಿಮೆಯಾದಷ್ಟೂ ಒಳಗಿನ ಕೆಪಾಸಿಟರುಗಳ ಆಯುಷ್ಯ ಹೆಚ್ಚು, ಫ್ಯಾನಿನ ಸದ್ದು ಕಡಿಮೆ. ಜೊತೆಗೆ ಅಷ್ಟು ದಕ್ಷತೆ ಬರಬೇಕಾದರೆ ಕಂಪನಿಗಳು ಸಾಮಾನ್ಯವಾಗಿ ಉತ್ತಮ ವಿನ್ಯಾಸವನ್ನೇ ಬಳಸಬೇಕಾಗುತ್ತದೆ. ಸಾಮಾನ್ಯವಾಗಿ ಎಂದೆ, ಯಾವಾಗಲೂ ಎನ್ನಲಾರೆ. ಗಿಗಾಬೈಟ್ ಕಂಪನಿಯ 750 ಮತ್ತು 850 ವ್ಯಾಟಿನ ಎರಡು ಮಾದರಿಗಳು ಗೋಲ್ಡ್ ಗುರುತಿನವೇ ಆಗಿದ್ದವು. ಮಿತಿಮೀರಿದ ಹೊರೆ ಹಾಕಿ ಪರೀಕ್ಷಿಸಿದವರ ಮೇಜಿನ ಮೇಲೆ ಅವು ಸಿಡಿದವು. 2021ರ ಆಗಸ್ಟಿನಲ್ಲಿ ಕಂಪನಿಯೇ ಹೇಳಿಕೆ ಕೊಟ್ಟು, ಹೊರೆ ಹೆಚ್ಚಾದಾಗ ತಾನಾಗಿ ಆರುವ ಮಿತಿಯನ್ನು ಶೇಕಡಾ 120-150ರಿಂದ 110-120ಕ್ಕೆ ಇಳಿಸಿರುವುದಾಗಿ ತಿಳಿಸಿ, ಹಳೆಯವನ್ನು ಬದಲಿಸಿಕೊಡಲು ಒಪ್ಪಿತು. ದಕ್ಷತೆಯ ಗುರುತು ಸುರಕ್ಷತೆಯ ಪ್ರಮಾಣಪತ್ರ ಆಗುವುದಿಲ್ಲ. ಸುರಕ್ಷತೆಗೆ ಬೇರೆ ಪಟ್ಟಿ ಇದೆ: ವೋಲ್ಟೇಜ್ ಏರಿದರೆ, ಇಳಿದರೆ, ಕರೆಂಟ್ ಹೆಚ್ಚಾದರೆ, ಶಾರ್ಟ್ ಆದರೆ, ಬಿಸಿ ಮೀರಿದರೆ ತಾನಾಗಿ ಆರುವ ವ್ಯವಸ್ಥೆ. ಪೆಟ್ಟಿಗೆಯ ಮೇಲೆ ಇವು ಒಂದೊಂದಾಗಿ ಬರೆದಿರುತ್ತವೆ. ಬರೆದಿಲ್ಲದಿದ್ದರೆ ಆ ಪೆಟ್ಟಿಗೆಯನ್ನು ಅಲ್ಲೇ ಇಟ್ಟು ಬನ್ನಿ. ಲೇಬಲಿನ ಮೇಲೆ ಭಾರತೀಯ ಮಾನಕ ಬ್ಯೂರೋದ ಗುರುತು ಇದೆಯೇ ಎಂದೂ ನೋಡಿ. ವಾರಂಟಿ ಎಷ್ಟು ವರ್ಷ ಎಂಬುದು ಇನ್ನೊಂದು ಒಳ್ಳೆಯ ಅಳತೆಗೋಲು. ತನ್ನ ಸಾಮಾನಿನ ಮೇಲೆ ನಂಬಿಕೆಯಿರುವ ಕಂಪನಿ ಐದು, ಏಳು, ಹತ್ತು ವರ್ಷ ಕೊಡುತ್ತದೆ. ಕ್ಯಾಬಿನೆಟ್ಟಿನ ಜೊತೆ ಬಂದದ್ದಕ್ಕೆ ಒಂದು ವರ್ಷ ಸಿಕ್ಕರೆ ಹೆಚ್ಚು.

ಕೇಬಲ್ಲುಗಳ ವಿಷಯದಲ್ಲಿ ಸ್ವಲ್ಪ ನಿಧಾನಿಸಬೇಕು. ಹಾನಿ ಹೆಚ್ಚಾಗಿ ಆಗುವುದು ಅಲ್ಲೇ. ಈಗಿನ ಒಳ್ಳೆಯ ಪವರ್ ಸಪ್ಲೈಗಳು ಮಾಡ್ಯುಲರ್ ಆಗಿರುತ್ತವೆ, ಬೇಕಾದ ಕೇಬಲ್ ಮಾತ್ರ ಸಿಕ್ಕಿಸಿಕೊಳ್ಳಬಹುದು. ಹೊಸ ಎಸ್‌ಎಂಪಿಎಸ್ ತಂದವರು, ಹಳೆಯ ಕೇಬಲ್ಲುಗಳು ಹೇಗೂ ಕ್ಯಾಬಿನೆಟ್ಟಿನೊಳಗೆ ಚೆಂದವಾಗಿ ಕಟ್ಟಿಕೊಂಡಿವೆ, ಡಬ್ಬಿ ಮಾತ್ರ ಬದಲಿಸಿದರಾಯಿತು ಎಂದು ಅವನ್ನೇ ಹೊಸದಕ್ಕೆ ಸಿಕ್ಕಿಸುವುದುಂಟು. ಅವು ಸರಿಯಾಗಿ ಕೂರುತ್ತವೆ ಕೂಡ. ಆದರೆ ಡಬ್ಬಿಯ ಕಡೆಯ ತುದಿಯಲ್ಲಿ ಯಾವ ಪಿನ್ನಿಗೆ ಯಾವ ವೋಲ್ಟ್ ಎಂಬುದಕ್ಕೆ ಮಾನದಂಡವೇ ಇಲ್ಲ. ಕಂಪನಿಯಿಂದ ಕಂಪನಿಗೆ ಬೇರೆ, ಒಂದೇ ಕಂಪನಿಯ ಎರಡು ಮಾದರಿಗಳಿಗೂ ಬೇರೆ ಇರಬಹುದು. 5 ವೋಲ್ಟ್ ಹೋಗಬೇಕಾದ ಕಡೆ 12 ವೋಲ್ಟ್ ಹೋದರೆ ಎಸ್‌ಎಸ್‌ಡಿ, ಹಾರ್ಡ್ ಡಿಸ್ಕ್ ಒಂದೇ ಕ್ಷಣದಲ್ಲಿ ಸತ್ತುಹೋಗುತ್ತವೆ. ಮಗುವಿನ ನಾಮಕರಣದ ಫೋಟೋಗಳು, ಮಗಳ ಪ್ರಾಜೆಕ್ಟ್ ವರದಿ ಎಲ್ಲ ಅದರೊಂದಿಗೆ ಹೋದವು. ಹೊಸ ಡಬ್ಬಿಗೆ ಹೊಸ ಕೇಬಲ್, ಕಟ್ಟುವ ಕೆಲಸ ಎಷ್ಟೇ ಬೇಸರದ್ದಾದರೂ.

ಪ್ರೊಸೆಸರಿಗೆ ಹೋಗುವ ಎಂಟು ಪಿನ್ನೂ ಗ್ರಾಫಿಕ್ಸ್ ಕಾರ್ಡಿಗೆ ಹೋಗುವ ಎಂಟು ಪಿನ್ನೂ ನೋಡಲು ಅಣ್ಣತಮ್ಮಂದಿರಂತಿದ್ದರೂ ಒಳಗಿನ ಪ್ಲಸ್ ಮೈನಸ್ ತಿರುವುಮುರುವು. ಮೊದಲನೆಯದು ನಾಲ್ಕು ನಾಲ್ಕಾಗಿ ಸೀಳುತ್ತದೆ, ಎರಡನೆಯದು ಆರು ಮತ್ತು ಎರಡಾಗಿ. ಕೂರದಿದ್ದರೆ ಒತ್ತಬೇಡಿ. ಕಾರ್ಡಿಗೆ ಎರಡು ಎಂಟು ಪಿನ್ ಬೇಕಿದ್ದರೆ ಒಂದೇ ಕೇಬಲ್ಲಿನ ಎರಡು ತಲೆಗಳನ್ನು ಹಾಕುವ ಬದಲು ಎರಡು ಬೇರೆ ಕೇಬಲ್ ಎಳೆಯಿರಿ.

ದೊಡ್ಡ ಕಾರ್ಡುಗಳಿಗೆ ಈಗ ಹದಿನಾರು ಪಿನ್ನಿನ ಒಂದೇ ಕನೆಕ್ಟರ್ ಬಂದಿದೆ. 600 ವ್ಯಾಟ್‌ವರೆಗೆ ಸಾಗಿಸುವ ಅದರಲ್ಲಿ 12 ವೋಲ್ಟಿಗೆ ಇರುವುದು ಆರು ಸಣ್ಣ ಪಿನ್ನು, ಒಂದೊಂದರಲ್ಲೂ ಎಂಟು ಆಂಪಿಯರಿಗಿಂತ ಹೆಚ್ಚು ಹರಿಯುತ್ತದೆ. 2022ರ ಅಕ್ಟೋಬರಿನಲ್ಲಿ ಆರ್‌ಟಿಎಕ್ಸ್ 4090 ಬಂದ ಕೆಲವೇ ವಾರಗಳಲ್ಲಿ ಈ ಕನೆಕ್ಟರ್ ಕರಗಿದ ಚಿತ್ರಗಳು ಜಗತ್ತಿನ ನಾನಾ ಕಡೆಯಿಂದ ಬಂದವು. ಪೂರ್ತಿ ಒಳಗೆ ಕೂರದಿರುವುದು ಮುಖ್ಯ ಕಾರಣ ಎಂದು ಎನ್ವಿಡಿಯಾ ಹೇಳಿತು. ಆಮೇಲೆ ಕನೆಕ್ಟರನ್ನು ತಿದ್ದಿದರು. ಸರಿಯಾಗಿ ಕೂತಿದೆಯೇ ಎಂದು ತಿಳಿಸುವ ಸಣ್ಣ ಪಿನ್ನುಗಳನ್ನು ಗಿಡ್ಡ ಮಾಡಿದರು, ಅರೆಬರೆ ಕೂತರೆ ಕಾರ್ಡು ವಿದ್ಯುತ್ತು ಎಳೆಯದಂತೆ. ಆದರೂ 2025ರಲ್ಲಿ 5090 ಬಂದಾಗ ಮತ್ತೆ ದೂರುಗಳು ಬಂದವು. ನನ್ನ ಅಭಿಪ್ರಾಯದಲ್ಲಿ ಇಷ್ಟು ವಿದ್ಯುತ್ತಿಗೆ ಇಷ್ಟು ಚಿಕ್ಕ ಕನೆಕ್ಟರ್ ಆರಿಸಿದ್ದೇ ತಪ್ಪು, ಅದರ ಹೊಣೆಯನ್ನು ಬಳಸುವವನ ಕೈಗೆ ಹಾಕಿದ್ದು ಇನ್ನೂ ತಪ್ಪು. 5070ರಂಥ 250 ವ್ಯಾಟಿನ ಕಾರ್ಡಿನಲ್ಲಿ ಅಪಾಯ ತೀರಾ ಕಡಿಮೆ. ಆದರೂ ಸಿಕ್ಕಿಸುವಾಗ ಎಲ್ಲೂ ಸಂದು ಕಾಣದಷ್ಟು ಒತ್ತಿ ಕೂರಿಸಿ, ಮೂರು ನಾಲ್ಕು ಸೆಂಟಿಮೀಟರ್ ನೇರವಾಗಿ ಬಿಟ್ಟು ಆಮೇಲೆ ಕೇಬಲ್ ಬಗ್ಗಿಸಿ. ಕ್ಯಾಬಿನೆಟ್ಟಿನ ಗಾಜು ಅದನ್ನು ಒತ್ತುತ್ತಿದ್ದರೆ ಕ್ಯಾಬಿನೆಟ್ಟು ಸಾಲದು ಎಂದೇ ಅರ್ಥ.

ಇನ್ನು ನಮ್ಮ ಗೋಡೆಯ ಕಡೆ ಬರೋಣ. ಪರದೇಶದ ಪರೀಕ್ಷಕರು ತಮ್ಮ ಪ್ರಯೋಗಶಾಲೆಯ ಸ್ಥಿರವಾದ ವಿದ್ಯುತ್ತಿನಲ್ಲಿ ಕೂತು ಹೇಳುವ ಮಾತಿನಲ್ಲಿ ಇದು ಬರುವುದಿಲ್ಲ. ಕಂಪ್ಯೂಟರಿನ ಕ್ಯಾಬಿನೆಟ್ ಮುಟ್ಟಿದಾಗ ಬೆರಳಿಗೆ ಜುಮ್ ಎನ್ನುವ ಅನುಭವ ನಿಮ್ಮಲ್ಲಿ ಅನೇಕರಿಗೆ ಆಗಿರುತ್ತದೆ, ಬರಿಗಾಲಿನಲ್ಲಿ ನೆಲದ ಮೇಲೆ ನಿಂತಾಗ ಹೆಚ್ಚು. ಎಸ್‌ಎಂಪಿಎಸ್ ಲೀಕ್ ಆಗುತ್ತಿದೆ ಎಂದು ಅದನ್ನೇ ಬದಲಿಸಿದವರಿದ್ದಾರೆ, ಬದಲಿಸಿದ ಮೇಲೂ ಜುಮ್ ನಿಲ್ಲದೆ ಪೇಚಾಡಿದವರಿದ್ದಾರೆ. ಎಸ್‌ಎಂಪಿಎಸ್‌ನ ಬಾಯಲ್ಲಿ ವಿದ್ಯುತ್ತಿನ ಗದ್ದಲವನ್ನು ಸೋಸುವುದಕ್ಕೆಂದು ಎರಡು ಪುಟ್ಟ ಕೆಪಾಸಿಟರುಗಳು ಫೇಸಿನಿಂದಲೂ ನ್ಯೂಟ್ರಲ್ಲಿನಿಂದಲೂ ಹೊರಗಿನ ಲೋಹದ ಮೈಗೆ ಜೋಡಿಸಿರುತ್ತವೆ. ಅವುಗಳ ಮೂಲಕ ಬರುವ ಅತಿ ಸಣ್ಣ ಕರೆಂಟು ಅರ್ತ್ ತಂತಿಯಲ್ಲಿ ಇಳಿದುಹೋಗಬೇಕು. ಅರ್ತ್ ಇಲ್ಲದಿದ್ದರೆ ಇಡೀ ಕ್ಯಾಬಿನೆಟ್ ಸುಮಾರು 115 ವೋಲ್ಟಿನಲ್ಲಿ ನಿಂತಿರುತ್ತದೆ. ಕರೆಂಟು ಅತ್ಯಲ್ಪವಾದ್ದರಿಂದ ಜುಮ್ ಎಂದಷ್ಟೇ ಆಗುತ್ತದೆ. ಆದರೆ ಒಳಗೆ ಯಾವುದಾದರೂ ನಿಜವಾಗಿ ಕೆಟ್ಟರೆ ಆಗ ಕಾಪಾಡುವುದಕ್ಕೆ ಏನೂ ಇರುವುದಿಲ್ಲ. ಟಿವಿಗೋ ಮಾನಿಟರಿಗೋ ಕೇಬಲ್ ಸಿಕ್ಕಿಸುವಾಗ ಕಿಡಿ ಹಾರಿ ಆ ಪೋರ್ಟೇ ಹೋಗುವುದೂ ಇದರಿಂದಲೇ.

ಹಳೆಯ ಮನೆಗಳಲ್ಲಿ ಸಾಕೆಟ್ಟಿಗೆ ಮೂರು ತೂತು ಇರುತ್ತದೆ, ಮೇಲಿನ ದೊಡ್ಡ ತೂತಿಗೆ ತಂತಿಯೇ ಇರುವುದಿಲ್ಲ. ತಂತಿ ಇದ್ದರೂ ಅಂಗಳದ ಅರ್ತ್ ಗುಂಡಿ ಒಣಗಿ ಎಷ್ಟೋ ಬೇಸಿಗೆಗಳಾಗಿರುತ್ತವೆ. ಎರಡು ಪಿನ್ನಿನ ಎಕ್ಸ್‌ಟೆನ್ಷನ್ ಬೋರ್ಡ್ ಬಳಸಿದರಂತೂ ಒಳ್ಳೆಯ ಅರ್ತ್ ಇದ್ದೂ ಇಲ್ಲದಂತೆ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ಪರೀಕ್ಷೆ ಮಾಡಿಸಿದರೆ ಆಗುವ ಖರ್ಚು ಗ್ರಾಫಿಕ್ಸ್ ಕಾರ್ಡಿನ ಬೆಲೆಯ ಮುಂದೆ ಏನೇನೂ ಅಲ್ಲ.

ಹಳ್ಳಿಗಳಲ್ಲಿ ಪಂಪ್‌ಸೆಟ್ಟುಗಳಿಗೆ ತ್ರೀಫೇಸ್ ಬಿಟ್ಟ ಹೊತ್ತಿನಲ್ಲಿ ಮನೆಯ ವೋಲ್ಟೇಜ್ ಬಹಳ ಇಳಿಯುವುದುಂಟು. ಅಂಥ ಕಡೆ ಎಸ್‌ಎಂಪಿಎಸ್‌ನ ಲೇಬಲಿನಲ್ಲಿ ಇನ್‌ಪುಟ್ 100ರಿಂದ 240 ವೋಲ್ಟ್ ಎಂದು ಇರುವುದನ್ನೇ ತೆಗೆದುಕೊಳ್ಳಿ. 200ರಿಂದ 240 ಎಂದಿದ್ದರೆ ಅದು ಅಂಥ ಕಡೆಗೆ ತಕ್ಕದ್ದಲ್ಲ. ಹಿಂಭಾಗದಲ್ಲಿ 115, 230 ಎಂದು ಬದಲಿಸುವ ಕೆಂಪು ಸ್ವಿಚ್ ಇರುವ ಹಳೆಯ ಮಾದರಿ ಇದ್ದರೆ ಚಿಕ್ಕ ಮಕ್ಕಳ ಕೈಗೆ ಅದು ಸಿಗದಂತೆ ಟೇಪ್ ಹಚ್ಚಿ. 115ಕ್ಕೆ ತಳ್ಳಿ ಪ್ಲಗ್ ಹಾಕಿದರೆ ಡಬ್ಬಿ ಢಂ ಎಂದು ಸುಟ್ಟುಹೋಗುತ್ತದೆ.

ಕರೆಂಟು ಹೋದಾಗ ಏನಾಗುತ್ತದೆ ಎಂಬುದೂ ಲೆಕ್ಕಕ್ಕೆ ಬರಬೇಕು. ಒಳ್ಳೆಯ ಎಸ್‌ಎಂಪಿಎಸ್ ಗೋಡೆಯ ವಿದ್ಯುತ್ತು ನಿಂತ ಮೇಲೂ ಸುಮಾರು 16, 17 ಮಿಲಿಸೆಕೆಂಡ್ ಕಂಪ್ಯೂಟರನ್ನು ಹಿಡಿದಿಡುತ್ತದೆ. ಅಷ್ಟರೊಳಗೆ ಯುಪಿಎಸ್ ಅಥವಾ ಇನ್ವರ್ಟರ್ ಕೈಗೆತ್ತಿಕೊಳ್ಳಬೇಕು. ಅನೇಕ ಮನೆ ಇನ್ವರ್ಟರುಗಳಲ್ಲಿ ಯುಪಿಎಸ್ ಮೋಡ್, ಎಕೋ ಮೋಡ್ ಎಂದು ಸ್ವಿಚ್ ಇರುತ್ತದೆ. ಎಕೋದಲ್ಲಿದ್ದರೆ ಬದಲಾಗುವುದು ನಿಧಾನ, ಕಂಪ್ಯೂಟರ್ ಆರಿ ಹೊತ್ತಿಕೊಳ್ಳುತ್ತದೆ. ಇನ್ನು ಆಫೀಸುಗಳಲ್ಲಿ ಬಳಸುವ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ಹೊರುತ್ತದೆ. ಆಟದ ನಡುವೆ ಕರೆಂಟು ಹೋದರೆ ಅದು ಕೀ ಎಂದು ಕೂಗಿ ಕೈಬಿಡುತ್ತದೆ. 450 ವ್ಯಾಟಿನ ಕಂಪ್ಯೂಟರ್ ಜೊತೆಗೆ ಮಾನಿಟರ್ ಎಂದರೆ 600 ವ್ಯಾಟಿಗೆ ಕಡಿಮೆಯಿಲ್ಲದ ಯುಪಿಎಸ್ ಬೇಕು, ಶುದ್ಧ ಸೈನ್ ವೇವ್‌ನದಾದರೆ ಮೇಲು.

ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಕಡಿಮೆ ಬೆಲೆಗೆ ಆಫೀಸಿನ ಹಳೆಯ ಕಂಪ್ಯೂಟರ್ ಕೊಂಡು, ಅದಕ್ಕೆ ಗ್ರಾಫಿಕ್ಸ್ ಕಾರ್ಡ್ ಹಾಕಿ ಆಟದ ಯಂತ್ರ ಮಾಡಿಕೊಳ್ಳುವ ಜಾಣ ಹುಡುಗರಿದ್ದಾರೆ. ಅವರಿಗೆ ಒಂದು ಮಾತು. ಬ್ರ್ಯಾಂಡೆಡ್ ಆಫೀಸ್ ಕಂಪ್ಯೂಟರುಗಳಲ್ಲಿ ಎಸ್‌ಎಂಪಿಎಸ್‌ನ ಅಳತೆಯೂ ಮದರ್‌ಬೋರ್ಡಿನ ಕನೆಕ್ಟರೂ ಎಷ್ಟೋ ಸಲ ಆಯಾ ಕಂಪನಿಯ ಸ್ವಂತದ್ದು. ಅಂಗಡಿಯ ಎಟಿಎಕ್ಸ್ ಅಲ್ಲಿ ಕೂರುವುದಿಲ್ಲ. ಮದರ್‌ಬೋರ್ಡಿನಲ್ಲಿ 24 ಪಿನ್ನಿನ ಕನೆಕ್ಟರ್ ಇದೆಯೇ ಎಂದು ಮುಚ್ಚಳ ತೆಗೆಸಿ ನೋಡಿಯೇ ದುಡ್ಡು ಕೊಡಿ. ಸೆಕೆಂಡ್ ಹ್ಯಾಂಡ್ ಎಸ್‌ಎಂಪಿಎಸ್ ಮಾತ್ರ ಬೇಡವೇ ಬೇಡ. ಒಳಗಿನ ಕೆಪಾಸಿಟರುಗಳು ಎಷ್ಟು ಬೆಂದಿವೆ ಎಂಬುದು ಹೊರಗಿನಿಂದ ಯಾರಿಗೂ ತಿಳಿಯದು. ಬಿಚ್ಚಿ ನೋಡುತ್ತೇನೆ ಎನ್ನುವ ಉತ್ಸಾಹವೂ ಬೇಡ. ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗಿಂತ ಹೆಚ್ಚು ಉಳಿದಿರಬಹುದು. ಅದು ಜೀವ ತೆಗೆಯುವಷ್ಟು.

ಕೊನೆಗೆ ದುಡ್ಡಿನ ಮಾತು. ಕೈಯಲ್ಲಿರುವ ಹಣ ಕಾರ್ಡಿಗೂ ಒಳ್ಳೆಯ ಎಸ್‌ಎಂಪಿಎಸ್‌ಗೂ ಎರಡಕ್ಕೂ ಸಾಲದಿದ್ದರೆ, ಕಾರ್ಡಿನಲ್ಲಿ ಒಂದು ಮೆಟ್ಟಿಲು ಕೆಳಗಿಳಿಯಿರಿ. 5070 ಎಂದುಕೊಂಡದ್ದು 5060 ಆಗಲಿ. ಆಟದ ಚಿತ್ರ ಸ್ವಲ್ಪ ಮಸುಕಾಗಬಹುದು, ಸೆಟ್ಟಿಂಗ್ ಒಂದೆರಡು ಇಳಿಸಬೇಕಾಗಬಹುದು, ಅಷ್ಟೇ. ಮೂರು ವರ್ಷಕ್ಕೆ ಕಾರ್ಡು ಹಳತಾಗುತ್ತದೆ, ಒಳ್ಳೆಯ ಪವರ್ ಸಪ್ಲೈ ಅದರ ಮುಂದಿನ ಕಾರ್ಡಿಗೂ ದುಡಿಯುತ್ತದೆ. ನಮ್ಮ ಬೀದಿಯ ಹುಡುಗನ ತಂದೆ 650 ವ್ಯಾಟಿನ, ಎಟಿಎಕ್ಸ್ 3.1ರ ಒಂದು ಪವರ್ ಸಪ್ಲೈ ತಂದು ಹಾಕಿಸಿದರು. ಆಟದ ನಡುವೆ ಅಳೆದಾಗ ಮಲ್ಟಿಮೀಟರ್ 12.0 ತೋರಿಸಿತು.

ಹೀಗೆ ಹೊಸದು ತಂದವರಲ್ಲಿ ನನ್ನದೊಂದು ಕೋರಿಕೆ. ತೆಗೆದಿಟ್ಟ ಆ ಹಳೆಯ ಎಸ್‌ಎಂಪಿಎಸ್ಸನ್ನು ಐನೂರು ರೂಪಾಯಿಗೆ ಇನ್ನೊಂದು ಮನೆಯ ಹುಡುಗನಿಗೆ ಮಾರಬೇಡಿ, ಪರಿಚಯದ ಅಂಗಡಿಗೂ ಕೊಡಬೇಡಿ. ಅದರ ತಂತಿಗಳನ್ನು ಕತ್ತರಿಸದೆ, ಮುಚ್ಚಳ ಬಿಚ್ಚದೆ, ಹಾಗೆಯೇ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿ.